ಚರ್ಮಕ್ಕೂ ಎಣ್ಣೆಯ ಊಟ ಬೇಕು



ಈ ಸಲದ ಆರೋಗ್ಯ ಪಾಠವನ್ನು ನನ್ನದೇ ಒಂದು ತಪ್ಪಿನಿಂದ ಶುರು ಮಾಡುತ್ತೇನೆ.

ಕೆಲವು ವರ್ಷಗಳ ಹಿಂದೆ ಕರಿಘಟ್ಟದ ತಪ್ಪಲಿನ ಒಂದು ಊರಿಗೆ ಸಂಘದ ಸಭೆಗೆಂದು ಹೋಗಿದ್ದೆ. ಉಳಿತಾಯದ ಹಣ ಎಣಿಸಿ ಪುಸ್ತಕಕ್ಕೆ ಬರೆದು ಮುಗಿದ ಮೇಲೆ ಒಬ್ಬ ತಾಯಿ ತಮ್ಮ ಒಂಬತ್ತು ವರ್ಷದ ಮಗಳನ್ನು ಹತ್ತಿರ ಕರೆದು, ಅವಳ ತೋಳು ಮಡಚಿ ತೋರಿಸಿದರು. ಎರಡೂ ಮೊಣಕೈ ಮೇಲೆ, ಎರಡೂ ಮೊಣಕಾಲ ಮೇಲೆ ರಾಗಿಕಾಳಿನಷ್ಟು ಸಣ್ಣ ಸಣ್ಣ ಗುಳ್ಳೆಗಳು. ಮುಟ್ಟಿದರೆ ಕಾಯಿ ತುರಿಯುವ ಮಣೆ ಮುಟ್ಟಿದ ಹಾಗೆ ಒರಟು.

"ಕೆರೆತ ಇಲ್ಲ, ನೋವಿಲ್ಲ ಸಿಸ್ಟರ್. ಆದ್ರೆ ಇಸ್ಕೂಲ್ನಲ್ಲಿ ಮಕ್ಳು ಗೋಂಕುರುಕಪ್ಪೆ ಅಂತ ಕರೀತಾರಂತೆ. ಒಂದು ವಾರದಿಂದ ಹೋಯ್ತಿಲ್ಲ" ಅಂದರು.

ನಾನು ಸರಿಯಾಗಿ ನೋಡದೆ, "ಸ್ನಾನ ಚೆನ್ನಾಗಿ ಮಾಡಿಸಮ್ಮ, ಸೋಪು ಹಾಕಿ ಉಜ್ಜು" ಅಂದುಬಿಟ್ಟೆ. ಮುಂದಿನ ತಿಂಗಳು ಹೋದಾಗ ಮಗುವಿನ ಮೊಣಕೈ ಕೆಂಪಾಗಿ ಗಾಯವಾಗಿತ್ತು. "ಕಲ್ಲಾಕಿ ಉಜ್ಜಿದ್ರೂ ಹೋಗ್ನಿಲ್ಲ ಸಿಸ್ಟರ್" ಅಂದರು ತಾಯಿ. ಈಗ ಅವರು ಸಂಘದಲ್ಲಿ ಒಳಸಾಲ ಕೇಳುತ್ತಿದ್ದರು, ಯಾರೋ ಹೇಳಿದ ಬೆಳ್ಳಗೆ ಮಾಡುವ ಕ್ರೀಮು ತರಲಿಕ್ಕೆ. ನನಗೆ ನಾಚಿಕೆಯಾಯಿತು. ಮಗು ಕೊಳಕಾಗಿರಲಿಲ್ಲ. ನನ್ನ ಮಾತು ಕೊಳಕಾಗಿತ್ತು.

ಆಗ ಮಗುವನ್ನು ಚರ್ಮದ ವೈದ್ಯರ ಹತ್ತಿರ ಕರೆದುಕೊಂಡು ಹೋದೆವು. ಅವರು ಮೊಣಕೈ ನೋಡಿ ಮೊದಲು ಕೇಳಿದ ಪ್ರಶ್ನೆ ಸೋಪಿನದಲ್ಲ. "ಮನೆಯಲ್ಲಿ ಅಡಿಗೆಗೆ ಯಾವ ಎಣ್ಣೆ? ತಿಂಗಳಿಗೆ ಎಷ್ಟು?" ಎಂದರು. ತಾಯಿಗೆ ಆಶ್ಚರ್ಯ. ನನಗೂ ಅಷ್ಟೇ. ಹೊರಗಿನ ಚರ್ಮಕ್ಕೂ ಒಳಗೆ ತಿನ್ನುವ ಎಣ್ಣೆಗೂ ಏನು ಸಂಬಂಧ? ಅವತ್ತು ತಿಳಿದದ್ದನ್ನೂ ಆಮೇಲೆ ಓದಿಕೊಂಡದ್ದನ್ನೂ ನಿಮ್ಮ ಮುಂದೆ ಇಡುತ್ತಿದ್ದೇನೆ. ಸಭೆಯಲ್ಲಿ ಒಬ್ಬರು ಓದಿ, ಮಿಕ್ಕವರು ಕೇಳಿ.

ಚರ್ಮ ಹೇಗೆ ಬೆಳೆಯುತ್ತದೆ?

ಚರ್ಮ ಎಂದರೆ ಹುಟ್ಟಿದಾಗ ಹೊದಿಸಿದ ಬಟ್ಟೆ, ಸಾಯುವ ತನಕ ಅದೇ ಇರುತ್ತೆ ಎಂದು ನಾವು ತಿಳಿದಿರುತ್ತೇವೆ. ಹಾಗಲ್ಲ. ಅದು ದಿನವೂ ಹುಟ್ಟುತ್ತೆ, ದಿನವೂ ಉದುರುತ್ತೆ. ಮೈ ಉಜ್ಜಿದಾಗ ಬರುವ ಮಣ್ಣಿನಲ್ಲಿ ಹೊರಗಿನ ಧೂಳಿನ ಜೊತೆ ಉದುರಿದ ನಮ್ಮದೇ ಚರ್ಮವೂ ಇರುತ್ತೆ.

ನಮ್ಮ ದೇಹ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಕೋಶಗಳಿಂದ ಆಗಿದೆ. ಮೇಲ್ಚರ್ಮದ ಅತಿ ಕೆಳಗಿನ ಸಾಲಿನಲ್ಲಿ ತಾಯಿಕೋಶಗಳಿವೆ. ಒಂದು ಎರಡಾಗುತ್ತೆ. ಒಂದು ಕೆಳಗೆ ಉಳಿಯುತ್ತೆ, ಇನ್ನೊಂದು ಮೇಲಕ್ಕೆ ಹೊರಡುತ್ತೆ. ಹೋಗುತ್ತಾ ಹೋಗುತ್ತಾ ಅದು ತನ್ನೊಳಗೆ ಕೆರಟಿನ್ ಎಂಬ ಗಟ್ಟಿ ಪದಾರ್ಥವನ್ನು ತುಂಬಿಕೊಳ್ಳುತ್ತೆ. ನಮ್ಮ ಉಗುರು, ಕೂದಲು ಆಗಿರುವುದೂ ಅದರಿಂದಲೇ. ಕೊನೆಗೆ ಮೇಲಿನ ಸಾಲಿಗೆ ಬರುವ ಹೊತ್ತಿಗೆ ಆ ಕೋಶ ಚಪ್ಪಟೆಯಾಗಿ, ಒಣಗಿ, ಜೀವ ಬಿಟ್ಟು, ಗಟ್ಟಿ ಬಿಲ್ಲೆಯಾಗಿರುತ್ತೆ. ಕೆಲವು ದಿನ ನಮ್ಮನ್ನು ಕಾದು ಆಮೇಲೆ ಉದುರಿಹೋಗುತ್ತೆ. ಕೆಳಗಿನಿಂದ ಮೇಲಕ್ಕೆ ಬಂದು ಉದುರಲು ಸುಮಾರು ನಾಲ್ಕು ವಾರ ಬೇಕು. ವಯಸ್ಸಾದವರಿಗೆ ಇನ್ನೂ ಹೆಚ್ಚು.

ಈ ನಾಲ್ಕು ವಾರದ ಲೆಕ್ಕವನ್ನು ನೆನಪಿಡಿ. ಕೊನೆಯಲ್ಲಿ ಬೇಕಾಗುತ್ತೆ.

ಇಟ್ಟಿಗೆಯ ನಡುವಿನ ಗಾರೆ

ಶ್ರೀರಂಗಪಟ್ಟಣದ ಕೋಟೆಗೋಡೆಯನ್ನು ನೀವೆಲ್ಲ ನೋಡಿದ್ದೀರಿ. ಕಲ್ಲಿನ ಮೇಲೆ ಬರೀ ಕಲ್ಲು ಪೇರಿಸಿದರೆ ಸಂದಿಯಲ್ಲಿ ನೀರು ನುಗ್ಗುತ್ತೆ. ನಡುವೆ ಗಾರೆ ಬೇಕು. ಮೇಲ್ಚರ್ಮದ ಹೊರಸಾಲೂ ಹಾಗೆಯೇ. ಚಪ್ಪಟೆ ಕೋಶಗಳೇ ಇಟ್ಟಿಗೆ. ಅವುಗಳ ನಡುವೆ ತುಂಬಿರುವ ಕೊಬ್ಬೇ ಗಾರೆ.

ಈ ಗಾರೆಯನ್ನು ಹೊರಗಿನಿಂದ ಯಾರೂ ತಂದು ಹಾಕುವುದಿಲ್ಲ. ಮೇಲಕ್ಕೆ ಬರುತ್ತಿರುವ ಕೋಶವೇ ಸಾಯುವ ಮುಂಚೆ ತನ್ನೊಳಗೆ ಸಣ್ಣ ಸಣ್ಣ ಕೊಬ್ಬಿನ ಪೊಟ್ಟಣ ಕಟ್ಟಿಟ್ಟುಕೊಂಡಿರುತ್ತೆ. ಮೇಲಿನ ಸಾಲು ಹತ್ತಿರವಾದಾಗ ಆ ಪೊಟ್ಟಣಗಳನ್ನು ಹೊರಕ್ಕೆ ಬಿಚ್ಚುತ್ತೆ. ಅದು ಹಾಳೆ ಹಾಳೆಯಾಗಿ ಹರಡಿ ಸಂದಿ ಮುಚ್ಚುತ್ತೆ. ಅದರಲ್ಲಿ ಮುಖ್ಯವಾಗಿ ಮೂರು ಪದಾರ್ಥಗಳಿವೆ: ಸೆರಮೈಡ್, ಕೊಲೆಸ್ಟರಾಲ್ ಮತ್ತು ಕೊಬ್ಬಿನಾಮ್ಲಗಳು. ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಸೆರಮೈಡ್.

ಈ ಗಾರೆ ಎರಡು ಕೆಲಸ ಮಾಡುತ್ತೆ. ಮೈಯೊಳಗಿನ ನೀರು ಆವಿಯಾಗಿ ಹೋಗದಂತೆ ತಡೆಯುತ್ತೆ. ಹೊರಗಿನ ರೋಗಾಣು, ಸೋಪು, ಗೊಬ್ಬರ, ಔಷಧಿ ಒಳಗೆ ಇಳಿಯದಂತೆ ತಡೆಯುತ್ತೆ. ಗದ್ದೆಯಲ್ಲಿ ಕೆಸರು ತುಳಿಯುವವರು, ಕಬ್ಬಿನ ಸೋಗೆ ತರಿಯುವವರು, ದಿನವಿಡೀ ಪಾತ್ರೆ ತೊಳೆಯುವವರು ನಾವೇ ತಾನೆ? ಗಾರೆ ಬಿಟ್ಟ ಚರ್ಮದ ಕಷ್ಟ ನಮಗೇ ಮೊದಲು ಗೊತ್ತಾಗುತ್ತೆ.

ದೇಹ ಮಾಡಿಕೊಳ್ಳಲಾರದ ಒಂದು ಕೊಬ್ಬು

ನಾವು ತಿಂದ ಎಣ್ಣೆ ಎಣ್ಣೆಯಾಗಿಯೇ ಚರ್ಮಕ್ಕೆ ಹೋಗುವುದಿಲ್ಲ. ಕರುಳಿನಲ್ಲಿ ಪಿತ್ತರಸ ಬೆರೆತು ಅದು ಒಡೆಯುತ್ತೆ, ಕೊಬ್ಬಿನಾಮ್ಲವಾಗಿ ರಕ್ತ ಸೇರುತ್ತೆ. ಆಮೇಲೆ ಅದಕ್ಕೆ ಎರಡು ದಾರಿ. ಒಂದು, ಸೌದೆಯ ಹಾಗೆ ಉರಿದು ಶಕ್ತಿ ಕೊಡುವುದು. ಇನ್ನೊಂದು, ಮರದ ಹಾಗೆ ಕಟ್ಟಡಕ್ಕೆ ಬಳಕೆಯಾಗುವುದು. ಹೊಟ್ಟೆ ತುಂಬ ಉಂಡವರ ದೇಹ ಒಳ್ಳೆಯ ಮರವನ್ನು ಕಟ್ಟಡಕ್ಕೆ ಉಳಿಸುತ್ತೆ. ಅರೆಹೊಟ್ಟೆಯ ದೇಹ ಬಾಗಿಲ ಚೌಕಟ್ಟಿಗೆ ಇಟ್ಟಿದ್ದ ಮರವನ್ನೂ ಒಲೆಗೆ ಹಾಕುತ್ತೆ. ಬಡ ಮನೆಯ ಮಗುವಿನ ಚರ್ಮ ಒರಟಾಗಲು ಇದೂ ಒಂದು ಕಾರಣ.

ಬೇಕಾದ ಕೊಬ್ಬಿನಾಮ್ಲಗಳಲ್ಲಿ ಬಹುಪಾಲನ್ನು ನಮ್ಮ ದೇಹ ತಾನೇ ಮಾಡಿಕೊಳ್ಳುತ್ತೆ. ಅನ್ನದಿಂದ, ಬೆಲ್ಲದಿಂದಲೂ ಮಾಡಿಕೊಳ್ಳುತ್ತೆ. ಮಾಡಿಕೊಳ್ಳಲಾಗದವು ಎರಡಿವೆ. ಅವನ್ನು ಅವಶ್ಯಕ ಕೊಬ್ಬಿನಾಮ್ಲಗಳು ಎನ್ನುತ್ತಾರೆ. ಅವುಗಳಲ್ಲಿ ಚರ್ಮಕ್ಕೆ ತುಂಬ ಮುಖ್ಯವಾದದ್ದು ಲಿನೊಲೆಯಿಕ್ ಆಮ್ಲ. ಗಿಡಗಳು ಇದನ್ನು ಮಾಡಬಲ್ಲವು, ಮನುಷ್ಯರು ಮಾಡಲಾರರು. ಅದಕ್ಕೇ ಇದನ್ನು ನಾವು ಕಾಳು, ಬೀಜ, ಎಣ್ಣೆಯಿಂದಲೇ ಪಡೆಯಬೇಕು.

ಮೇಲಕ್ಕೆ ಹೊರಟ ಚರ್ಮದ ಕೋಶ ಇದನ್ನು ಹಿಡಿದುಕೊಂಡು, ಬಹಳ ಉದ್ದವಾದ ಇನ್ನೊಂದು ಕೊಬ್ಬಿನಾಮ್ಲದ ತುದಿಗೆ ಜೋಡಿಸಿ, ವಿಶೇಷವಾದ ಒಂದು ಸೆರಮೈಡ್ ಮಾಡುತ್ತೆ. ಗಾರೆಯ ಹಾಳೆಗಳನ್ನು ಒಂದಕ್ಕೊಂದು ಹಿಡಿದಿಡುವ ಮೊಳೆ ಇದು. ಲಿನೊಲೆಯಿಕ್ ಸಿಗದಿದ್ದರೆ ಕೋಶ ಸುಮ್ಮನೆ ಕೂರುವುದಿಲ್ಲ, ದೇಹವೇ ಮಾಡಿದ ಓಲಿಯಿಕ್ ಎಂಬ ಆಮ್ಲವನ್ನು ಅದರ ಜಾಗಕ್ಕೆ ಜೋಡಿಸುತ್ತೆ. ಆದರೆ ಅದು ಸರಿಯಾಗಿ ಕೂರುವುದಿಲ್ಲ. ಸಂದಿ ಬಿಡುತ್ತೆ, ನೀರು ಆವಿಯಾಗುತ್ತೆ, ಚರ್ಮ ಒಣಗಿ ಹೊಟ್ಟು ಏಳುತ್ತೆ.

ಹದ ಬಂತು ಎಂದು ಹೇಳುವವರು

ಲಿನೊಲೆಯಿಕ್ ಆಮ್ಲ ಗಾರೆ ಮಾತ್ರವಲ್ಲ, ಮೇಸ್ತ್ರಿಯೂ ಹೌದು. ಇದಕ್ಕೆ ನಮ್ಮ ಆಲೆಮನೆಯ ಉದಾಹರಣೆ ಕೊಡುತ್ತೇನೆ.

ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿರುತ್ತೆ. ಪಕ್ಕದಲ್ಲಿ ಪಾಕ ನೋಡುವವರು ನಿಂತಿರುತ್ತಾರೆ. ಅವರು "ಹದ ಬಂತು, ಇಳಿಸಿ" ಅಂದಾಗಲೇ ಇಳಿಸಬೇಕು. ಅವರಿಲ್ಲದಿದ್ದರೆ ಎಳೆಪಾಕ ಇಳಿಸಿ ಬೆಲ್ಲ ಅಚ್ಚಿಗೆ ನಿಲ್ಲುವುದಿಲ್ಲ. ಚರ್ಮದ ಕೋಶದ ಒಳಗೂ ಹೀಗೆ ಹದ ನೋಡುವ ಪದಾರ್ಥಗಳಿವೆ. ಕೊಬ್ಬಿನಾಮ್ಲಗಳು, ಅವುಗಳಿಂದ ಆದ ಪದಾರ್ಥಗಳು ಬಂದು ಅವನ್ನು ಮುಟ್ಟಿದಾಗ ಅವು ಕೋಶಕ್ಕೆ ಅಪ್ಪಣೆ ಕೊಡುತ್ತವೆ: "ಒಡೆದು ಎರಡಾಗಿದ್ದು ಸಾಕು, ಇನ್ನು ಬಲಿ, ಗಟ್ಟಿಯಾಗು, ಕೊಬ್ಬಿನ ಪೊಟ್ಟಣ ಕಟ್ಟು."

ಈ ಕೊಬ್ಬಿನಾಮ್ಲದ ಕೊರತೆಯಾದಾಗ ತಾಯಿಕೋಶಗಳು ಗಾಬರಿ ಬಿದ್ದವರ ಹಾಗೆ ಬೇಗ ಬೇಗ ಒಡೆಯುತ್ತವೆ. ಕೋಶಗಳು ಹೆಚ್ಚಾಗುತ್ತವೆ, ಆದರೆ ಬಲಿಯದೆ ಮೇಲಕ್ಕೆ ಬಂದು ರಾಶಿ ಬೀಳುತ್ತವೆ. ಆದ್ದರಿಂದ ಅಂಥ ಚರ್ಮ ನೋಡಲು ದಪ್ಪ, ಕೆಲಸಕ್ಕೆ ದುರ್ಬಲ. ದಪ್ಪ ಇದೆಯೆಂದು ಕಲ್ಲಿನಿಂದ ಉಜ್ಜಿದರೆ ಇರುವ ಅಷ್ಟಿಷ್ಟು ಗಾರೆಯೂ ಹೋಗಿ, ಕೆಳಗಿನ ಕೋಶಗಳು ಇನ್ನಷ್ಟು ಅವಸರ ಮಾಡುತ್ತವೆ. ನಾನು ಹೇಳಿದ ಬುದ್ಧಿವಾದ ಆ ಮಗುವಿಗೆ ಮಾಡಿದ್ದು ಇದನ್ನೇ.

ಇದನ್ನು ಕಂಡುಹಿಡಿದದ್ದು ಹೇಗೆ?

1929ರ ತನಕ ಕೊಬ್ಬು ಎಂದರೆ ಮುಖ್ಯವಾಗಿ ಶಕ್ತಿಗೆ ಸೌದೆ ಎಂದು ತಿಳಿದಿದ್ದರು. ಆ ವರ್ಷ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಬರ್ ಮತ್ತು ಮಿಲ್ಡ್ರೆಡ್ ಬರ್ ಎಂಬ ಗಂಡಹೆಂಡಿರು ಇಲಿಗಳಿಗೆ ಬೇರೆಲ್ಲ ಪೋಷಣೆ ಕೊಟ್ಟು, ಕೊಬ್ಬನ್ನು ಮಾತ್ರ ಪೂರ್ತಿ ತೆಗೆದುಹಾಕಿ ಸಾಕಿದರು. ಇಲಿಗಳ ಬಾಲದ ಮೇಲೆ, ಪಾದದ ಮೇಲೆ ಹೊಟ್ಟು ಎದ್ದಿತು. ಬೆಳವಣಿಗೆ ನಿಂತಿತು. ನೀರು ತುಂಬ ಕುಡಿಯುತ್ತಿದ್ದವು, ಯಾಕೆಂದರೆ ಚರ್ಮದಿಂದಲೇ ನೀರು ಹೋಗಿಬಿಡುತ್ತಿತ್ತು. ದಿನಕ್ಕೆ ಕೆಲವೇ ಹನಿ ಕೊಬ್ಬು ಕೊಟ್ಟಾಗ ಅವು ಚೇತರಿಸಿಕೊಂಡವು. ಆ ಹನಿಯಲ್ಲಿ ಕೆಲಸ ಮಾಡಿದ್ದು ಲಿನೊಲೆಯಿಕ್ ಆಮ್ಲ ಎಂದು 1930ರಲ್ಲಿ ತೋರಿಸಿಕೊಟ್ಟರು.

ಇಲಿಗೆ ಆದದ್ದು ಮನುಷ್ಯರಿಗೂ ಆಗುತ್ತಾ? 1963ರಲ್ಲಿ ಆರಿಲ್ಡ್ ಹ್ಯಾನ್ಸೆನ್ ಮತ್ತು ಜೊತೆಗಾರರು ನಾನೂರಕ್ಕೂ ಹೆಚ್ಚು ಕೂಸುಗಳ ಮೇಲೆ ನಡೆಸಿದ ಅಧ್ಯಯನ ಅಮೆರಿಕದಲ್ಲಿ ಪ್ರಕಟವಾಯಿತು. ಲಿನೊಲೆಯಿಕ್ ತೀರ ಕಡಿಮೆ ಇದ್ದ ಡಬ್ಬಿ ಹಾಲು ಕುಡಿದ ಕೂಸುಗಳ ಚರ್ಮ ಒಣಗಿ ದಪ್ಪವಾಗಿ ಹೊಟ್ಟು ಎದ್ದಿತ್ತು. ಅದನ್ನು ಸೇರಿಸಿದ ಹಾಲು ಕೊಟ್ಟಾಗ ಸರಿಹೋಯಿತು. ತಾಯಿಯ ಹಾಲಿನಲ್ಲಿ ಈ ಆಮ್ಲ ಸಹಜವಾಗಿಯೇ ಇದೆ. ತಾಯಿ ಏನು ಎಣ್ಣೆ ತಿನ್ನುತ್ತಾಳೋ ಅದರಂತೆ ಅದರ ಪ್ರಮಾಣ ಹೆಚ್ಚುಕಡಿಮೆ ಆಗುತ್ತೆ. ಆದ್ದರಿಂದ ಬಾಣಂತಿಗೆ ಎಣ್ಣೆ, ಕಾಳು ಕೊಡದೆ ಬರೀ ಸಾರು ಅನ್ನ ಹಾಕಿ ಪಥ್ಯ ಮಾಡಿಸುವವರು ಇದನ್ನು ಯೋಚಿಸಬೇಕು.

ನಮ್ಮ ಕಡೆಯ ಕಪ್ಪೆ ಚರ್ಮ

ಆ ಮಗುವಿಗೆ ಸಹಪಾಠಿಗಳು ಕೊಟ್ಟ ಅಡ್ಡಹೆಸರು ವೈದ್ಯರ ಪುಸ್ತಕದಲ್ಲೂ ಇದೆ! 1933ರಲ್ಲಿ ಲೂಸಿಯಸ್ ನಿಕೋಲ್ಸ್ ಎಂಬ ವೈದ್ಯರು ಈ ಕಾಯಿಲೆಗೆ ಫ್ರೈನೊಡರ್ಮಾ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಅದಕ್ಕೆ ನೆಲಗಪ್ಪೆಯ ಚರ್ಮ ಎಂದೇ ಅರ್ಥ. ಕೂದಲು ಹುಟ್ಟುವ ರಂಧ್ರದ ಬಾಯಿಯಲ್ಲಿ ಬಲಿಯದ ಕೋಶಗಳು, ಕೆರಟಿನ್ ಸೇರಿ ಬಿರಡೆಯ ಹಾಗೆ ಕೂರುತ್ತವೆ. ಮುಟ್ಟಿದರೆ ಮುಳ್ಳು ಮುಳ್ಳು. ಹೆಚ್ಚಾಗಿ ಮೊಣಕೈಯಿಂದ ಶುರುವಾಗುತ್ತೆ. ಆಮೇಲೆ ಮೊಣಕಾಲು, ತೋಳು ತೊಡೆಯ ಹೊರಭಾಗ, ಪೃಷ್ಠದ ಮೇಲೆ ಬರುತ್ತೆ.

ಮೊದಲು ಇದು ಎ ಜೀವಸತ್ವದ ಕೊರತೆ ಮಾತ್ರ ಎಂದುಕೊಂಡಿದ್ದರು. ಆದರೆ ಎ ಜೀವಸತ್ವ ಕೊಟ್ಟರೂ ಎಷ್ಟೋ ಮಕ್ಕಳಲ್ಲಿ ಗುಣ ಕಾಣಲಿಲ್ಲ. ನಮ್ಮ ದೇಶದ ಪೋಷಣಾ ಸಂಶೋಧಕರು ಕುಸುಬೆ ಎಣ್ಣೆಯಂಥ ಲಿನೊಲೆಯಿಕ್ ಹೆಚ್ಚಿರುವ ಎಣ್ಣೆ, ಬಿ ಗುಂಪಿನ ಜೀವಸತ್ವಗಳನ್ನು ಕೊಟ್ಟು ನೋಡಿದಾಗ ಗುಣ ಕಂಡಿತು. ಆಗ ಇದಕ್ಕೆ ಒಂದೇ ಕಾರಣವಲ್ಲ, ಹಲವು ಕೊರತೆಗಳು ಕೂಡಿ ಬರುತ್ತೆ ಎಂಬ ತಿಳಿವಳಿಕೆ ಬಂತು. ಕೊಬ್ಬಿನಾಮ್ಲವನ್ನು ದೇಹ ಬಳಸಿಕೊಳ್ಳಲು ಬಿ ಜೀವಸತ್ವ ಬೇಕು. ಎಣ್ಣೆ ಇದ್ದು ಬಿ ಇಲ್ಲದಿದ್ದರೆ ಕಲ್ಲು ಗಾರೆ ಇದ್ದು ಕೂಲಿಯಾಳು ಇಲ್ಲದ ಹಾಗೆ.

ಇದು ಹಳೆಯ ಕಾಲದ ಕಾಯಿಲೆ ಎಂದು ಬಿಡುವ ಹಾಗಿಲ್ಲ. ದಾವಣಗೆರೆಯ ಚರ್ಮರೋಗ ತಜ್ಞರು ಇಂಥ 125 ಮಂದಿಯನ್ನು ಪರೀಕ್ಷಿಸಿ ಬರೆದ ಲೇಖನ 2011ರಲ್ಲಿ ಪ್ರಕಟವಾಗಿದೆ. ಅವರಲ್ಲಿ ಹೆಚ್ಚಿನವರು ಮಕ್ಕಳು, ಸರಾಸರಿ ವಯಸ್ಸು ಸುಮಾರು ಹತ್ತು. ಬಹುಪಾಲು ಮಂದಿಗೆ ಮೊಣಕೈಯಿಂದಲೇ ಶುರುವಾಗಿತ್ತು. ಹೆಚ್ಚಿನವರಿಗೆ ಕೆರೆತವಾಗಲಿ ನೋವಾಗಲಿ ಇರಲಿಲ್ಲ. ನೋವಿಲ್ಲದ ಕಾಯಿಲೆಯನ್ನು ಮನೆಯವರು ಗಮನಿಸುವುದಿಲ್ಲ, ಆದರೆ ಶಾಲೆಯ ಮಕ್ಕಳು ಗಮನಿಸುತ್ತಾರೆ. ಮಗುವಿಗೆ ನೋವಾಗುವುದು ಅಲ್ಲಿ.

ನಮ್ಮ ಮನೆಯ ಎಣ್ಣೆಯ ಲೆಕ್ಕ

ಸಂಘದವರಿಗೆ ಲೆಕ್ಕ ಹೊಸದಲ್ಲ. ಈಗ ಎಣ್ಣೆಯ ಲೆಕ್ಕ ಹಾಕೋಣ. ದೊಡ್ಡವರಿಗೆ ದಿನಕ್ಕೆ ಸುಮಾರು 5ರಿಂದ 6 ಗ್ರಾಂ ಲಿನೊಲೆಯಿಕ್ ಆಮ್ಲ ಬೇಕು. ಒಂಬತ್ತು ಹತ್ತು ವರ್ಷದ ಮಗುವಿಗೆ ಸುಮಾರು 4 ಗ್ರಾಂ. ನೂರು ಗ್ರಾಂ ಎಣ್ಣೆಯಲ್ಲಿ ಅದು ಹೆಚ್ಚುಕಡಿಮೆ ಇಷ್ಟಿರುತ್ತೆ:

ಕುಸುಬೆ ಎಣ್ಣೆ – 70 ಗ್ರಾಂ
ಸೂರ್ಯಕಾಂತಿ ಎಣ್ಣೆ – 60 ಗ್ರಾಂ
ಹುಚ್ಚೆಳ್ಳೆಣ್ಣೆ – 50 ಗ್ರಾಂಗಿಂತ ಹೆಚ್ಚು
ಸೋಯಾ ಎಣ್ಣೆ – 50 ಗ್ರಾಂ
ಎಳ್ಳೆಣ್ಣೆ – 40 ಗ್ರಾಂ
ಕಡಲೆಕಾಯಿ ಎಣ್ಣೆ – 30 ಗ್ರಾಂ
ಪಾಮ್ ಎಣ್ಣೆ – 10 ಗ್ರಾಂ
ಕೊಬ್ಬರಿ ಎಣ್ಣೆ, ತುಪ್ಪ – 2 ಗ್ರಾಂ

ಆ ತಾಯಿಯ ಮನೆಯಲ್ಲಿ ಐದು ಜನ. ತಿಂಗಳಿಗೆ ಒಂದು ಲೀಟರ್ ಪಾಮ್ ಎಣ್ಣೆ. ಒಂದು ಲೀಟರ್ ಎಂದರೆ ಸುಮಾರು 900 ಗ್ರಾಂ. ಮೂವತ್ತು ದಿನಕ್ಕೆ, ಐದು ಜನಕ್ಕೆ ಹಂಚಿದರೆ ತಲೆಗೆ ದಿನಕ್ಕೆ 6 ಗ್ರಾಂ. ಅದರಲ್ಲಿ ಲಿನೊಲೆಯಿಕ್ ಎಷ್ಟು? ಬರೀ 0.6 ಗ್ರಾಂ! ಮುದ್ದೆ, ಅನ್ನ, ಬೇಳೆಯಲ್ಲಿ ಅಡಗಿರುವ ಕೊಬ್ಬಿನಿಂದ ಇನ್ನು ಸ್ವಲ್ಪ ಸಿಗುತ್ತೆ, ನಿಜ. ಆದರೂ ಸಾಲದು. ಅದರ ಮೇಲೆ ಗಂಡಸರು ಮೊದಲು ಉಂಡು, ಹುಡುಗರಿಗೆ ಬಡಿಸಿ, ಒಗ್ಗರಣೆ ತೇಲುವ ಮೇಲಿನ ಸಾರು ಮುಗಿದ ನಂತರ ಹೆಣ್ಣುಮಕ್ಕಳ ತಟ್ಟೆಗೆ ಬೀಳುವುದು ತಳದ ಸಾರು. ತಲೆಲೆಕ್ಕದ 6 ಗ್ರಾಂ ಕೂಡ ಅವಳಿಗೆ ಸಿಕ್ಕಿರಲಾರದು.

ನಮ್ಮ ದೇಶದ ಪೋಷಣಾ ತಜ್ಞರು ಅಡಿಗೆಗೆ ಹಾಕುವ ಎಣ್ಣೆ ತಲೆಗೆ ದಿನಕ್ಕೆ 20ರಿಂದ 30 ಗ್ರಾಂ, ಅಂದರೆ ನಾಲ್ಕರಿಂದ ಆರು ಸಣ್ಣ ಚಮಚ ಇರಲಿ ಎನ್ನುತ್ತಾರೆ. ಅದಕ್ಕಿಂತ ಹೆಚ್ಚು ಬೇಡ. ಎಣ್ಣೆ ಚರ್ಮಕ್ಕೆ ಒಳ್ಳೆಯದೆಂದು ದಿನಾ ಬೋಂಡ ಬಜ್ಜಿ ಕರಿದರೆ ಬೊಜ್ಜು, ಹೃದಯದ ತೊಂದರೆ ಬರುತ್ತೆ. ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸಿದರೆ ಈ ಆಮ್ಲ ಕೆಟ್ಟು ಹಾನಿಯಾಗುತ್ತೆ. ಒಂದೇ ಎಣ್ಣೆಗೆ ಅಂಟಿಕೊಳ್ಳದೆ ತಿಂಗಳಿಗೊಂದು ಬದಲಿಸಿ. ಇನ್ನೊಂದು ಅವಶ್ಯಕ ಕೊಬ್ಬಿನಾಮ್ಲ ಅಗಸೆ ಬೀಜದಲ್ಲಿ ಹೆಚ್ಚು, ಸೊಪ್ಪಿನಲ್ಲಿ ಸ್ವಲ್ಪ ಇದೆ. ಅದೇ ಗುಂಪಿಗೆ ಸೇರಿದ ಕೊಬ್ಬು ಮೀನಿನಲ್ಲಿದೆ. ಅವೂ ಊಟದಲ್ಲಿರಲಿ.

ಮರೆತ ಹುಚ್ಚೆಳ್ಳು

ಪಟ್ಟಿಯ ಮೂರನೆಯ ಸಾಲನ್ನು ಇನ್ನೊಮ್ಮೆ ನೋಡಿ. ಹುಚ್ಚೆಳ್ಳು ನಮ್ಮದೇ ಬೆಳೆ. ನಾಗಮಂಗಲ, ಕೆ.ಆರ್. ಪೇಟೆ ಕಡೆಯ ಖುಷ್ಕಿ ಹೊಲದಲ್ಲಿ ರಾಗಿಯ ನಡುವೆ ಅಕ್ಕಡಿ ಸಾಲಾಗಿ ಹುಚ್ಚೆಳ್ಳು ಹಾಕುತ್ತಿದ್ದರು. ಹಳದಿ ಹೂ ಬಿಟ್ಟಾಗ ಹೊಲವೆಲ್ಲ ಅರಿಸಿನ ಚೆಲ್ಲಿದ ಹಾಗೆ ಕಾಣುತ್ತಿತ್ತು. ನಾಲೆ ನೀರು ಬಂದ ಕಡೆ ಕಬ್ಬು, ಭತ್ತ ಬಂದವು, ಹುಚ್ಚೆಳ್ಳು ಹೋಯಿತು. ಕೈಯಲ್ಲಿ ದುಡ್ಡು ಆಡಿತು, ಒಳ್ಳೆಯದೇ. ಆದರೆ ಹೊಲದಿಂದ ಹೋದದ್ದು ತಟ್ಟೆಯಿಂದಲೂ ಹೋಯಿತು. ಅದನ್ನು ನಾವು ಗಮನಿಸಲಿಲ್ಲ.

ಎರಡು ಸಣ್ಣ ಚಮಚ ಹುಚ್ಚೆಳ್ಳಿನಲ್ಲಿ, ಅಂದರೆ ಸುಮಾರು 8 ಗ್ರಾಂ ಕಾಳಿನಲ್ಲಿ, ಹತ್ತಿರ ಹತ್ತಿರ 3 ಗ್ರಾಂ ಎಣ್ಣೆ ಇರುತ್ತೆ. ಅದರಲ್ಲಿ ಒಂದೂವರೆ ಗ್ರಾಂನಷ್ಟು ಲಿನೊಲೆಯಿಕ್. ಒಂದು ದಿನಕ್ಕೆ ಮಗುವಿಗೆ ಬೇಕಾದದ್ದರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು! ಹುಚ್ಚೆಳ್ಳನ್ನು ಸಣ್ಣ ಉರಿಯಲ್ಲಿ ಸೀಯದಂತೆ ಹುರಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಕರಿಬೇವು, ಹುಣಿಸೆಹಣ್ಣು, ಉಪ್ಪು ಹಾಕಿ ಕುಟ್ಟಿದರೆ ಚಟ್ನಿಪುಡಿ. ಮುದ್ದೆಗೂ ಆಯಿತು, ರೊಟ್ಟಿಗೂ ಆಯಿತು. ಈ ಎಣ್ಣೆ ಬೇಗ ಮುಗ್ಗಲು ವಾಸನೆ ಬರುತ್ತೆ, ಆದ್ದರಿಂದ ಒಂದು ಸಲಕ್ಕೆ ಹದಿನೈದು ದಿನಕ್ಕಾಗುವಷ್ಟೇ ಮಾಡಿ, ಮುಚ್ಚಳ ಬಿಗಿ ಇರುವ ಡಬ್ಬಿಯಲ್ಲಿಡಿ.

ಜೊತೆಗೆ ಬಿ ಜೀವಸತ್ವಕ್ಕೆ ಮೊಳಕೆ ಕಟ್ಟಿದ ಹುರುಳಿ, ಹೆಸರುಕಾಳು, ಹಾಲು ಮಜ್ಜಿಗೆ, ಮೊಟ್ಟೆ. ಎ ಜೀವಸತ್ವಕ್ಕೆ ನುಗ್ಗೆಸೊಪ್ಪು, ಪರಂಗಿಹಣ್ಣು, ಕುಂಬಳ. ಬಸ್ಸಾರು ಮಾಡಿ ಸೊಪ್ಪು ಕಾಳಿನ ಪಲ್ಯಕ್ಕೆ ಒಂದು ಚಮಚ ಎಣ್ಣೆಯ ಒಗ್ಗರಣೆ ಹಾಕುತ್ತೀರಲ್ಲ, ಅದು ಬರೀ ರುಚಿಗಲ್ಲ. ಸೊಪ್ಪಿನ ಎ ಜೀವಸತ್ವ ಮೈಗೆ ಹತ್ತಬೇಕಾದರೆ ಜೊತೆಗೆ ಎಣ್ಣೆ ಇರಲೇಬೇಕು.

ಹೊರಗೆ ಹಚ್ಚುವುದು

ಹಾಗಾದರೆ ಮೈಗೆ ಎಣ್ಣೆ ಹಚ್ಚುವುದು ಸುಳ್ಳೇ? ಸುಳ್ಳಲ್ಲ. ಚರ್ಮ ಹೊರಗಿನಿಂದಲೂ ಸ್ವಲ್ಪ ಕೊಬ್ಬಿನಾಮ್ಲವನ್ನು ಹೀರಿಕೊಳ್ಳುತ್ತೆ. ಢಾಕಾದ ಮಕ್ಕಳ ಆಸ್ಪತ್ರೆಯೊಂದರಲ್ಲಿ, 33 ವಾರಕ್ಕೂ ಮೊದಲೇ ಹುಟ್ಟಿದ ಕೂಸುಗಳಿಗೆ ಸೂರ್ಯಕಾಂತಿ ಎಣ್ಣೆಯನ್ನು ಮೆಲ್ಲಗೆ ಸವರಿದಾಗ ಆಸ್ಪತ್ರೆಯಲ್ಲಿ ತಗಲುವ ಸೋಂಕು ಶೇಕಡ 41ರಷ್ಟು ಕಡಿಮೆಯಾಯಿತು ಎಂದು 2005ರಲ್ಲಿ ಪ್ರಕಟವಾಗಿದೆ. ಚರ್ಮದ ಗೋಡೆ ಗಟ್ಟಿಯಾದರೆ ರೋಗಾಣು ಒಳಗೆ ಬರುವುದು ಕಷ್ಟ ಎಂಬುದಕ್ಕೆ ಇದು ಸಾಕ್ಷಿ. ಆದರೆ ತಿಂಗಳು ತುಂಬದ ಕೂಸಿಗೆ ಏನು ಹಚ್ಚುವುದಿದ್ದರೂ ವೈದ್ಯರನ್ನು ಕೇಳಿಯೇ ಹಚ್ಚಬೇಕು. ಎಲ್ಲ ಕೂಸುಗಳಿಗೂ ಒಂದೇ ಮಾತು: ಎಣ್ಣೆ ಸವರಿ, ತಿಕ್ಕಬೇಡಿ. ಎರೆಯುವಾಗ ಕೆನ್ನೀರು ಬೇಡ, ಹದವಾದ ಬಿಸಿ ಸಾಕು.

ಬೆಳ್ಳಗೆ ಮಾಡುವ ಕ್ರೀಮುಗಳ ವಿಷಯದಲ್ಲಿ ಎಚ್ಚರ. ಹೆಸರು ವಿಳಾಸ ಇಲ್ಲದ ಕೆಲವು ಕ್ರೀಮುಗಳಲ್ಲಿ ಪಾದರಸ ಇರುತ್ತೆ, ಅದು ಚರ್ಮದಿಂದ ಇಳಿದು ಮೂತ್ರಪಿಂಡವನ್ನು ಕೆಡಿಸುತ್ತೆ. ಕೆಲವದರಲ್ಲಿ ಸ್ಟೀರಾಯ್ಡ್ ಇರುತ್ತೆ. ಅದು ತಾಯಿಕೋಶಗಳು ಒಡೆಯುವುದನ್ನೇ ತಡೆಯುತ್ತೆ. ಮೊದಲ ವಾರ ನಯವಾಗಿ ಕಾಣುತ್ತೆ, ತಿಂಗಳು ಕಳೆದಂತೆ ಚರ್ಮ ತೆಳುವಾಗಿ ರಕ್ತನಾಳ ಕಾಣತೊಡಗುತ್ತೆ. ವೈದ್ಯರು ಬರೆದುಕೊಡದ ಕ್ರೀಮಿಗೆ ಸಂಘದ ಸಾಲ ಕೊಡಬೇಡಿ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಎಲ್ಲಾ ಒರಟೂ ಎಣ್ಣೆಯ ಕೊರತೆಯಲ್ಲ

ಪಾಠ ಕೇಳಿ ಎಲ್ಲಾ ಚರ್ಮದ ಕಾಯಿಲೆಗೂ ಹುಚ್ಚೆಳ್ಳು ಔಷಧಿ ಎಂದು ತಿಳಿಯಬೇಡಿ. ದಿನವೂ ಸಾಕಷ್ಟು ಸೂರ್ಯಕಾಂತಿ ಎಣ್ಣೆ ತಿನ್ನುವ ಮನೆಯ ಮಗುವಿಗೆ ಈ ತೊಂದರೆ ಬಂದರೆ ಕಾರಣ ಬೇರೆ ಹುಡುಕಬೇಕು. ರಾತ್ರಿ ಹೊತ್ತು ಕೆರೆತ ಹೆಚ್ಚಿ, ಮನೆಯಲ್ಲಿ ಇನ್ನೊಬ್ಬರಿಗೂ ಇದ್ದರೆ ಅದು ಕಜ್ಜಿ ಇರಬಹುದು. ಮುಟ್ಟಿದರೆ ಗೊತ್ತಾಗದ ಮಚ್ಚೆ ಇದ್ದರೆ ಕುಷ್ಠ ಇರಬಹುದು. ಅದಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತ, ಪೂರ್ತಿ ಗುಣವಾಗುತ್ತೆ. ತಡ ಮಾಡಬಾರದು ಅಷ್ಟೇ.

ಕೆಲವು ಮಕ್ಕಳು ಹುಟ್ಟುತ್ತಲೇ ಮೀನಿನ ಹುರುಪೆಯಂಥ ಚರ್ಮ ಪಡೆದಿರುತ್ತಾರೆ. ಅವರಲ್ಲಿ ಕೆಲವರಿಗೆ ತಿಂದ ಎಣ್ಣೆ ಕಡಿಮೆಯಾಗಿರುವುದಿಲ್ಲ. ಸೆರಮೈಡಿನಲ್ಲಿ ಸೇರಿದ ಲಿನೊಲೆಯಿಕ್ ಆಮ್ಲವನ್ನು ಮುಂದಿನ ಕೆಲಸಕ್ಕೆ ಹದಗೊಳಿಸುವ ಪದಾರ್ಥವೇ ದೇಹದಲ್ಲಿ ಸರಿಯಾಗಿ ತಯಾರಾಗುವುದಿಲ್ಲ. ಅದು ತಂದೆ ತಾಯಿ ಇಬ್ಬರಿಂದಲೂ ವಂಶವಾಹಿಯ ಮೂಲಕ ಬರುವ ದೋಷ. ಸೋದರಮಾವ, ಅತ್ತೆಮಗ ಎಂದು ರಕ್ತಸಂಬಂಧದಲ್ಲಿ ಮದುವೆಯಾದಾಗ ಇದರ ಸಂಭವ ಹೆಚ್ಚು. ಇದು ಗ್ರಹಣ ನೋಡಿದ್ದರಿಂದ ಬಂದದ್ದಲ್ಲ, ಹಾವಿನ ಶಾಪವಲ್ಲ, ತಾಯಿಯ ತಪ್ಪಂತೂ ಅಲ್ಲವೇ ಅಲ್ಲ. ಹರಕೆ ಹೊರುವುದು ನಿಮ್ಮ ನಿಮ್ಮ ನಂಬಿಕೆಗೆ ಬಿಟ್ಟದ್ದು. ಆದರೆ ಹರಕೆ ತೀರುವ ತನಕ ಚಿಕಿತ್ಸೆಯನ್ನು ಮುಂದಕ್ಕೆ ಹಾಕಬೇಡಿ. ಆ ಮಕ್ಕಳ ಚರ್ಮವನ್ನು ಒದ್ದೆಯಾಗಿ, ಮೆತ್ತಗೆ ಇಡುವುದೇ ದೊಡ್ಡ ಆರೈಕೆ.

ಆ ಮಗು ಏನಾಯಿತು?

ವೈದ್ಯರು ಜೀವಸತ್ವದ ಮಾತ್ರೆ, ಹಚ್ಚಲು ಒಂದು ಮುಲಾಮು ಬರೆದುಕೊಟ್ಟರು. ಹೊಟ್ಟೆಹುಳುವಿನ ಮಾತ್ರೆ ಕೊಟ್ಟರು. ಉಜ್ಜುವುದನ್ನು ನಿಲ್ಲಿಸಲು ಹೇಳಿದರು. ತಾಯಿ ಕ್ರೀಮಿಗೆಂದು ಕೇಳಿದ್ದ ಸಾಲ ಬೇಡವೆಂದರು. ಆ ದುಡ್ಡಿಗಿಂತ ಎಷ್ಟೋ ಕಡಿಮೆಯಲ್ಲಿ ಸೂರ್ಯಕಾಂತಿ ಎಣ್ಣೆಯೂ ಒಂದು ಸೇರು ಹುಚ್ಚೆಳ್ಳೂ ಮನೆಗೆ ಬಂದವು.

ಹದಿನೈದು ದಿನಕ್ಕೆ ತಾಯಿ, "ಏನೂ ಆಗ್ನಿಲ್ಲ ಸಿಸ್ಟರ್, ಬುಟ್ಬುಡ್ಲಾ?" ಎಂದು ಕೇಳಿದರು. ಆಗ ನಾಲ್ಕು ವಾರದ ಲೆಕ್ಕ ಹೇಳಿದೆ. ಇವತ್ತು ತಿಂದ ಎಣ್ಣೆ ಇವತ್ತು ಕೆಳಗೆ ಹುಟ್ಟಿದ ಕೋಶಕ್ಕೆ ಸೇರುತ್ತೆ. ಆ ಕೋಶ ಮೇಲಕ್ಕೆ ಬಂದು ನಮ್ಮ ಕಣ್ಣಿಗೆ ಕಾಣಲು ತಿಂಗಳು ಬೇಕು. ಬಿತ್ತಿದ ವಾರಕ್ಕೇ ಯಾರಾದರೂ ರಾಗಿ ಕೊಯ್ಯುತ್ತಾರಾ? ಅವರು ನಕ್ಕರು, ಬಿಡಲಿಲ್ಲ. ಎರಡನೇ ತಿಂಗಳಲ್ಲಿ ಮುಳ್ಳು ಮೆತ್ತಗಾಯಿತು. ಮೂರು ತಿಂಗಳು ಕಳೆದಾಗ ಮೊಣಕೈ ಬಹುಮಟ್ಟಿಗೆ ನಯವಾಗಿತ್ತು. ಮಾತ್ರೆಯಿಂದ ಎಷ್ಟು, ಎಣ್ಣೆಯಿಂದ ಎಷ್ಟು, ಕಲ್ಲು ಬಿಟ್ಟದ್ದರಿಂದ ಎಷ್ಟು ಎಂದು ನಾನು ಬೇರೆ ಬೇರೆ ಮಾಡಿ ಹೇಳಲಾರೆ. ಎಲ್ಲವೂ ಕೂಡಿ ಆಯಿತು.

ಆದರೆ ಹುಡುಗಿ ಶಾಲೆಗೆ ಹೋದದ್ದು ಮೊಣಕೈ ನಯವಾದ ಮೇಲಲ್ಲ. ಅದಕ್ಕೂ ಮುಂಚೆ. ಸಂಘದ ಇಬ್ಬರು ಸದಸ್ಯೆಯರು ಶಾಲೆಗೆ ಹೋಗಿ ಮೇಷ್ಟ್ರ ಹತ್ತಿರ ಮಾತಾಡಿದರು. ಇದು ಅಂಟುರೋಗವಲ್ಲ, ಊಟದ ಕೊರತೆ ಎಂದು ಅವರು ತರಗತಿಯಲ್ಲಿ ಮಕ್ಕಳಿಗೆ ತಿಳಿಸಿದರು. ಮಾರನೇ ದಿನ ಪಕ್ಕದ ಮನೆಯ ಹುಡುಗಿ ಬಂದು ಕೈ ಹಿಡಿದು ಕರೆದುಕೊಂಡು ಹೋದಳು. ಚರ್ಮಕ್ಕೆ ನಾಲ್ಕು ವಾರ ಬೇಕು. ಒಳ್ಳೆಯ ಮಾತಿಗೆ ಒಂದು ದಿನ ಸಾಕು.

ಸಂಘದ ಸಭೆಯಲ್ಲಿ ಚರ್ಚಿಸಲು

1. ನಿಮ್ಮ ಮನೆಯಲ್ಲಿ ತಿಂಗಳಿಗೆ ಯಾವ ಎಣ್ಣೆ, ಎಷ್ಟು ಬಳಸುತ್ತೀರಿ? ಜನರ ಸಂಖ್ಯೆಯಿಂದ, ಮೂವತ್ತರಿಂದ ಭಾಗಿಸಿ ತಲೆಗೆ ಎಷ್ಟೆಂದು ಲೆಕ್ಕ ಹಾಕಿ.

2. ಮನೆಯಲ್ಲಿ ಕೊನೆಗೆ ಊಟ ಮಾಡುವವರು ಯಾರು? ಅವರ ತಟ್ಟೆಯಲ್ಲಿ ಏನು ಉಳಿದಿರುತ್ತೆ?

3. ನಿಮ್ಮ ಅಜ್ಜಿ, ಅತ್ತೆಯ ಕಾಲದಲ್ಲಿ ಊರಿನಲ್ಲಿ ಯಾವ ಯಾವ ಎಣ್ಣೆಕಾಳು ಬೆಳೆಯುತ್ತಿದ್ದರು? ಈಗ ಹೊಲದ ಬದುವಿನಲ್ಲಾದರೂ ಎರಡು ಸಾಲು ಹುಚ್ಚೆಳ್ಳು ಹಾಕಲು ಆಗುತ್ತಾ?

4. ಚರ್ಮದ ತೊಂದರೆ ಇರುವ ಮಗುವನ್ನೋ ಹೆಂಗಸನ್ನೋ ಊರಿನಲ್ಲಿ ಯಾರಾದರೂ ದೂರ ಇಟ್ಟಿದ್ದಾರಾ? ಅವರ ಮನೆಗೆ ಈ ವಾರ ಯಾರು ಹೋಗುತ್ತೀರಿ?

ಮುಂದಿನ ಸಭೆಗೆ ಬರುವಾಗ ಪ್ರತಿಯೊಬ್ಬರೂ ಒಂದು ಹಿಡಿ ಹುಚ್ಚೆಳ್ಳು ತನ್ನಿ. ಅಲ್ಲೇ ಹುರಿದು ಕುಟ್ಟೋಣ. ಮುದ್ದೆ ಯಾರ ಮನೆಯಿಂದ ಎಂದು ನೀವೇ ತೀರ್ಮಾನ ಮಾಡಿ.